ರೈಲು ಹೊರಟ ಮೇಲಿನ ಕಥೆ

ಪ್ರಿಯ ಓದುಗ ಗೆಳತಿ,

ನಿಮ್ಮ ಕಾಗದ ಸಿಕ್ಕಿತು. ಕೂಡಲೇ ಬರೆಯಬೇಕಿತ್ತು. ಆದರೆ ನೀವು ಕೇಳಿದ್ದು ವಾಟ್ಸ್‌ಆ್ಯಪಿನಲ್ಲಿ ಎರಡು ಸಾಲು ಕುಟ್ಟಿ ಮುಗಿಸುವ ಪ್ರಶ್ನೆಯಲ್ಲ. ಏಳನೇ ತರಗತಿಗೆ ಮಹಾಯುದ್ಧದ ಕಾಲದ ಮಕ್ಕಳ ಕಾದಂಬರಿಯೊಂದನ್ನು ದಿನಕ್ಕಿಷ್ಟು ಎಂದು ಕನ್ನಡದಲ್ಲಿ ಹೇಳುತ್ತಾ ಹೋದಿರಂತೆ. ಯಹೂದಿ ಅಪ್ಪ ಅಮ್ಮ ಮಗಳೊಬ್ಬಳನ್ನೇ ಇಂಗ್ಲೆಂಡಿನ ಕಡೆಗೆ ರೈಲು ಹತ್ತಿಸಿ ಕಳಿಸುವ ಭಾಗ ಬಂದಾಗ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು, ‘ಅವರೂ ಯಾಕೆ ಹತ್ತಲಿಲ್ಲ ಮಿಸ್?’ ಅಂದಳಂತೆ. ನಿಮಗೆ ಬಾಯಿ ಕಟ್ಟಿತು. ಅವತ್ತು ಸಂಜೆಯೇ ಕೂತು ನನಗೆ ಬರೆದಿದ್ದೀರಿ: ಇಂಥ ಪುಸ್ತಕ ಮಕ್ಕಳ ಕೈಗೆ ಕೊಡಬಹುದೇ, ಕೊಡುವುದಾದರೆ ಯಾವುದನ್ನು?

ಮೊದಲು ಆ ಹುಡುಗಿಗೆ ನನ್ನದೊಂದು ಶಹಬ್ಬಾಸ್ ಹೇಳಿ. ಈ ಬಗೆಯ ಎಷ್ಟೋ ಕಾದಂಬರಿಗಳು ಜಾಣತನದಿಂದ ಪಕ್ಕಕ್ಕೆ ಸರಿದು ಹೋಗುವ ಜಾಗಕ್ಕೇ ಅವಳು ಬೆರಳಿಟ್ಟಿದ್ದಾಳೆ.

ಅವಳಿಗೆ ಹೇಳಬೇಕಾದ ಉತ್ತರ ಇದು. 1938ರ ನವೆಂಬರ್ 9ರ ರಾತ್ರಿಯಿಂದ ಜರ್ಮನಿ, ಆಸ್ಟ್ರಿಯಾಗಳಲ್ಲಿ ಯಹೂದಿಗಳ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಬಿತ್ತು, ಅಂಗಡಿಗಳ ಗಾಜು ಬೀದಿಯಲ್ಲಿ ಚೂರಾಯಿತು, ಸುಮಾರು 30,000 ಗಂಡಸರನ್ನು ನಾಜಿಗಳು ಹಿಡಿದು ಶಿಬಿರಗಳಿಗೆ ತಳ್ಳಿದರು. ಅದಾಗಿ ಎರಡು ವಾರ ಕಳೆಯುವುದರೊಳಗೆ ಬ್ರಿಟನ್ನಿನ ಸಂಸತ್ತಿನಲ್ಲಿ ಚರ್ಚೆ ನಡೆದು, 17ರೊಳಗಿನ ಮಕ್ಕಳನ್ನು ತಾತ್ಕಾಲಿಕವಾಗಿ ಒಳಗೆ ಬಿಟ್ಟುಕೊಳ್ಳೋಣ ಎಂದಾಯಿತು. ಬರೀ ಮಕ್ಕಳನ್ನು. ದೊಡ್ಡವರು ಬಂದರೆ ನಮ್ಮವರ ಕೆಲಸ ಕಿತ್ತುಕೊಳ್ಳುತ್ತಾರೆ ಅನ್ನುವ ಭಯ ಅಲ್ಲಿ ಆಗ ಬಲವಾಗಿತ್ತು. ನಿರುದ್ಯೋಗ ಇನ್ನೂ ಹೆಚ್ಚೇ ಇತ್ತು. ಮಕ್ಕಳೂ ಸರ್ಕಾರದ ಬೊಕ್ಕಸಕ್ಕೆ ಹೊರೆಯಾಗಬಾರದು, ಮುಂದೊಂದು ದಿನ ವಾಪಸು ಕಳಿಸುವ ಖರ್ಚಿಗೆಂದು ತಲೆಗೆ 50 ಪೌಂಡ್ ಜಾಮೀನು ಇಡಬೇಕು ಎಂಬ ಷರತ್ತೂ ಸೇರಿಕೊಂಡಿತು. ಆ ಕಾಲಕ್ಕೆ 50 ಪೌಂಡ್ ಸಣ್ಣ ದುಡ್ಡಲ್ಲ. ಆ ದುಡ್ಡು ಹೊಂದಿಸಿದ್ದು ಯಹೂದಿ ಸಂಘಗಳು, ಕ್ವೇಕರ್ ಪಂಥದವರು, ಸಾಮಾನ್ಯ ಜನ. ಡಿಸೆಂಬರ್ 2ರಂದು ಮೊದಲ ಹಡಗು ಹಾರ್ವಿಚ್ ಬಂದರಿಗೆ ಸುಮಾರು 200 ಮಕ್ಕಳನ್ನು ತಂದಿಳಿಸಿತು. ಯುದ್ಧ ಶುರುವಾಗುವವರೆಗಿನ ಒಂಬತ್ತು ತಿಂಗಳಲ್ಲಿ ಹತ್ತಿರ ಹತ್ತಿರ 10,000 ಮಕ್ಕಳು ಹೀಗೆ ಬಂದರು. ಇದನ್ನೇ ಕಿಂಡರ್‌ಟ್ರಾನ್ಸ್‌ಪೋರ್ಟ್ ಅನ್ನುವುದು.

ಅಂದರೆ ಅಪ್ಪ ಅಮ್ಮ ರೈಲು ಹತ್ತಲಿಲ್ಲ ಅನ್ನುವುದಕ್ಕಿಂತ, ಹತ್ತಲು ಬಿಡಲಿಲ್ಲ. ಇಂಗ್ಲೆಂಡಿನ ಮನೆಗಳಲ್ಲಿ ಅಡುಗೆಗೋ ಕಸಮುಸುರೆಗೋ ಸೇರುತ್ತೇವೆ ಎಂದು ವೀಸಾ ದಕ್ಕಿಸಿಕೊಂಡ ತಾಯಂದಿರು ಕೆಲವರು ಬಂದರು, ಅಷ್ಟೆ. ಅಮೆರಿಕದ ಕಥೆ ಇನ್ನೂ ಕೆಟ್ಟದ್ದು. 1939ರಲ್ಲಿ 20,000 ಮಕ್ಕಳನ್ನು ಕರೆಸಿಕೊಳ್ಳುವ ಮಸೂದೆಯೊಂದು ಅಲ್ಲಿ ಬಂದು, ಮತಕ್ಕೂ ಹೋಗದೆ ಸತ್ತುಹೋಯಿತು. ಇಷ್ಟನ್ನು ಏಳನೇ ತರಗತಿಯ ಮಗುವಿಗೆ ಹೇಳಬಹುದು. ಹೇಳದೆ ಬಿಟ್ಟರೆ ಆ ಮಗು ತಪ್ಪನ್ನು ಅಪ್ಪ ಅಮ್ಮನ ತಲೆಗೇ ಕಟ್ಟುತ್ತದೆ. ರೈಲಿನಲ್ಲಿ ಕೂತಿದ್ದ ಮಕ್ಕಳಲ್ಲಿ ಎಷ್ಟೋ ಜನ ಮಾಡಿದ್ದೂ ಅದನ್ನೇ. ನನ್ನನ್ನು ಯಾಕೆ ಕಳಿಸಿದರು, ನಾನು ಬೇಡವಾದೆನಾ ಎಂದು ಮುಪ್ಪಿನವರೆಗೂ ಕೇಳಿಕೊಂಡವರಿದ್ದಾರೆ.

ಈಗ ಪುಸ್ತಕದ ವಿಷಯ. ಈ ಜಾತಿಯ ಕಾದಂಬರಿಗಳಲ್ಲೆಲ್ಲ ಒಂದು ನಿಲ್ದಾಣದ ಅಧ್ಯಾಯ ಇದ್ದೇ ಇರುತ್ತದೆ. ಇರಲೇಬೇಕು, ಅದು ನಡೆದದ್ದೇ ಹಾಗೆ. ಮಗು ತಾನೇ ಹೊರಬಲ್ಲಷ್ಟು ದೊಡ್ಡ ಒಂದು ಪೆಟ್ಟಿಗೆ, ಹತ್ತು ಮಾರ್ಕ್ ದುಡ್ಡು, ಕೊರಳಲ್ಲಿ ನಂಬರಿನ ಚೀಟಿ. ಒಡವೆ ಗಿಡವೆ ಒಯ್ಯುವಂತಿಲ್ಲ. ಕೆಲವು ನಿಲ್ದಾಣಗಳಲ್ಲಿ ಹೆತ್ತವರನ್ನು ಪ್ಲಾಟ್‌ಫಾರ್ಮಿಗೂ ಬಿಡುತ್ತಿರಲಿಲ್ಲ. ಅತ್ತು ಕರೆದು ರಂಪವಾದರೆ ಊರಿಗೆಲ್ಲ ಕಾಣುತ್ತದಲ್ಲ. ಕೈಗೂಸುಗಳನ್ನು ಕಿಟಕಿಯಿಂದ ಯಾರದೋ ದೊಡ್ಡ ಮಗಳ ಮಡಿಲಿಗೆ ದಾಟಿಸಿದ್ದೂ ಉಂಟು. ಇಷ್ಟು ಸಾಮಗ್ರಿ ಕೈಲಿದ್ದರೆ ಓದುಗರನ್ನು ಅಳಿಸಲು ಸಾಧಾರಣ ಲೇಖಕರಿಗೂ ಸಾಧ್ಯ. ಅದಕ್ಕೇ ನಾನು ಆ ಅಧ್ಯಾಯದಿಂದ ಪುಸ್ತಕವನ್ನು ಅಳೆಯುವುದಿಲ್ಲ. ರೈಲು ಹೊರಟ ಮೇಲೆ ಏನಿದೆ ಎಂದು ನೋಡುತ್ತೇನೆ. ಬಂದಿಳಿದ ಮನೆ, ಅಲ್ಲಿನ ಊಟದ ಮೇಜು, ಎಲ್ಲಕ್ಕೂ ಥ್ಯಾಂಕ್ಸ್ ಹೇಳುತ್ತಲೇ ಇರಬೇಕಾದ ಹಂಗು, ಇವು ಬಾರದ ಪುಸ್ತಕ ಅರ್ಧ ಪುಸ್ತಕ.

ಹಾರ್ವಿಚ್ ಪಕ್ಕದ ಡೋವರ್‌ಕೋರ್ಟ್ ಎಂಬಲ್ಲಿ ಬೇಸಗೆ ರಜೆಗೆಂದು ಕಟ್ಟಿದ ಮರದ ಗುಡಿಸಲುಗಳ ಶಿಬಿರವಿತ್ತು. ಮೊದಲು ಬಂದ ಮಕ್ಕಳನ್ನು ಆ ಡಿಸೆಂಬರ್ ಚಳಿಯಲ್ಲಿ ಅಲ್ಲಿಟ್ಟರು. ವಾರದ ಕೊನೆಗೆ ಸಾಕುವ ಮನಸ್ಸಿನ ದಂಪತಿಗಳು ಬರುತ್ತಿದ್ದರು. ಊಟದ ಹಾಲಿನಲ್ಲಿ ಮಕ್ಕಳು ತಲೆ ಬಾಚಿಕೊಂಡು ಕೂತಿರಬೇಕು, ಬಂದವರು ಮೇಜಿನಿಂದ ಮೇಜಿಗೆ ನೋಡಿಕೊಂಡು ಹೋಗುತ್ತಾರೆ. ನಮ್ಮ ಹೆಣ್ಣು ನೋಡುವ ಶಾಸ್ತ್ರ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಂಬಣ್ಣದ ಕೂದಲಿನ ಪುಟ್ಟ ಹುಡುಗಿಯರು ಬೇಗ ಹೋದರು. ಮೀಸೆ ಚಿಗುರುತ್ತಿದ್ದ ಹುಡುಗರು ವಾರಗಟ್ಟಲೆ ಉಳಿದರು.

ಆ ಶಿಬಿರದಲ್ಲಿದ್ದವರಲ್ಲಿ ವಿಯೆನ್ನಾದ ಹತ್ತು ವರ್ಷದ ಲೋರೆ ಕೂಡ ಒಬ್ಬಳು. ಮುಂದೆ ಲೋರೆ ಸೆಗಲ್ ಎಂಬ ಹೆಸರಿನಿಂದ ಅಮೆರಿಕದಲ್ಲಿ ಒಳ್ಳೆಯ ಲೇಖಕಿಯಾದರು, 2024ರಲ್ಲಿ ತೀರಿಕೊಂಡರು. ‘ಅದರ್ ಪೀಪಲ್ಸ್ ಹೌಸಸ್’ ಎಂಬ ಅವರ 1964ರ ಪುಸ್ತಕ ಮಕ್ಕಳಿಗೆಂದು ಬರೆದದ್ದಲ್ಲ, ಆದರೂ ಮೊದಲು ನೀವು ಓದಿಕೊಳ್ಳಿ. ಹೊರಡುವ ಮುಂಚೆ ಲೋರೆ ಆಸೆಪಟ್ಟಳೆಂದು ಅಮ್ಮ ಒಂದು ಸಾಸೇಜ್ ತಂದು ಪೆಟ್ಟಿಗೆಗೆ ಹಾಕಿರುತ್ತಾರೆ. ಹುಡುಗಿ ಅದನ್ನು ತಿನ್ನಲಾರಳು, ಅಮ್ಮ ಕೊಟ್ಟಿದ್ದೆಂದು ಎಸೆಯಲಾರಳು. ದಿನ ಕಳೆದಂತೆ ಅದು ನಾರತೊಡಗುತ್ತದೆ. ಎಲ್ಲಿಂದ ಬರುತ್ತಿದೆ ಈ ವಾಸನೆ ಎಂದು ಉಳಿದ ಮಕ್ಕಳು ಮೂಗು ಮುಚ್ಚಿಕೊಳ್ಳುವಾಗ ಅವಳು ಪಡುವ ಪಾಡು ಇದೆಯಲ್ಲ, ಹತ್ತು ನಿಲ್ದಾಣದ ಅಧ್ಯಾಯ ಬರೆದರೂ ಅದು ಸಿಗುವುದಿಲ್ಲ. ಇನ್ನೊಂದು ಹೊರೆಯೂ ಅವಳ ಮೇಲಿತ್ತು. ಅಲ್ಲಿಗೆ ಹೋದ ಮೇಲೆ ಹೇಗಾದರೂ ಮಾಡಿ ನಮ್ಮನ್ನು ಕರೆಸಿಕೋ ಎಂದು ಮನೆಯವರು ಹೇಳಿ ಕಳಿಸಿದ್ದರು. ಅವಳು ಶಿಬಿರದಲ್ಲಿ ಕೂತು ಕಾಗದ ಬರೆದಳು. ಆ ಕಾಗದ ನಿರಾಶ್ರಿತರ ಸಮಿತಿಯವರ ಕೈಗೆ ಸಿಕ್ಕಿ, ಅಪ್ಪ ಅಮ್ಮ ಮನೆಗೆಲಸದವರಾಗಿ ಇಂಗ್ಲೆಂಡಿಗೆ ಬಂದೂಬಿಟ್ಟರು. ಕೇಳಲು ಸುಖಾಂತ. ಆದರೆ ಹಾಗೇ ಕಾಗದ ಬರೆದು, ಬಾಗಿಲು ಬಡಿದು, ಯಾರನ್ನೂ ಕರೆಸಿಕೊಳ್ಳಲಾಗದೆ ಹೋದ ಮಕ್ಕಳನ್ನು ನೆನೆಯಿರಿ. ಅವರಿಗೆ ಅದು ಆಯುಷ್ಯವಿಡೀ ತಮ್ಮದೇ ಸೋಲಾಗಿ ಉಳಿಯಿತು.

ಮಕ್ಕಳಿಗೆಂದೇ ಬರೆದ ಪುಸ್ತಕಗಳಲ್ಲಿ ನನ್ನ ಮೊದಲ ಆಯ್ಕೆ ಇಂಗ್ಲೆಂಡಿನದ್ದಲ್ಲ, ಸ್ವೀಡನ್ನಿನದು. ಆ ದೇಶವೂ ಆಗ ಸುಮಾರು 500 ಯಹೂದಿ ಮಕ್ಕಳನ್ನು ಬಿಟ್ಟುಕೊಂಡಿತ್ತು. ಅದನ್ನು ಹಿಡಿದು ಅನ್ನಿಕಾ ಥೋರ್ ಎಂಬ ಲೇಖಕಿ 1996ರಿಂದ 99ರವರೆಗೆ ನಾಲ್ಕು ಕಾದಂಬರಿ ಬರೆದರು. ಮೊದಲನೆಯದು ಇಂಗ್ಲಿಷಿನಲ್ಲಿ ‘ಎ ಫಾರವೇ ಐಲ್ಯಾಂಡ್’ ಎಂದು ಬಂದಿದೆ. ಅಮೆರಿಕದಲ್ಲಿ ಅನುವಾದಿತ ಮಕ್ಕಳ ಪುಸ್ತಕಕ್ಕೆ ಕೊಡುವ ಬ್ಯಾಚೆಲ್ಡರ್ ಪ್ರಶಸ್ತಿ 2010ರಲ್ಲಿ ಅದಕ್ಕೆ ಸಂದಿತು. ವಿಯೆನ್ನಾದ ಹನ್ನೆರಡರ ಸ್ಟೆಫಿ ಮತ್ತು ತಂಗಿ ನೆಲ್ಲಿ 1939ರಲ್ಲಿ ಗೋಥೆನ್‌ಬರ್ಗ್ ಪಕ್ಕದ ಒಂದು ಮೀನುಗಾರರ ದ್ವೀಪಕ್ಕೆ ಬಂದಿಳಿಯುತ್ತಾರೆ. ಬರೀ ಬಂಡೆ, ಗಾಳಿ, ಉಪ್ಪುನೀರು. ಅಪ್ಪ ಡಾಕ್ಟರು, ದೊಡ್ಡ ಊರಿನಲ್ಲಿ ಬೆಳೆದ ಮಕ್ಕಳು. ಅಮೆರಿಕದ ವೀಸಾ ಸಿಕ್ಕ ಕೂಡಲೇ ಎಲ್ಲರೂ ಒಂದಾಗುತ್ತೇವೆ, ಅಲ್ಲಿಯವರೆಗೆ ಆರು ತಿಂಗಳು ಮಾತ್ರ ಎಂದು ಹೇಳಿ ಕಳಿಸಿರುತ್ತಾರೆ. ಅಲ್ಲಿಗೆ ಬಂದರೆ ಅಕ್ಕ ತಂಗಿಯರಿಗೆ ಬೇರೆ ಬೇರೆ ಮನೆ.

ಥೋರ್ ಅವರ ಜಾಣ್ಮೆ ಇರುವುದು ಆ ಎರಡು ಮನೆಗಳಲ್ಲಿ. ನೆಲ್ಲಿಗೆ ಸಿಕ್ಕಿದ್ದು ನಗುಮುಖದ, ಮಕ್ಕಳಿರುವ ಆಲ್ಮಾ. ಸ್ಟೆಫಿಗೆ ಸಿಕ್ಕಿದ್ದು ಮಾರ್ತಾ: ಮಾತು ಕಡಿಮೆ, ಶಿಸ್ತು ಜಾಸ್ತಿ, ಮುದ್ದು ಮಾಡುವುದು ಗೊತ್ತೇ ಇಲ್ಲ. ಪೆಂಟೆಕೋಸ್ಟಲ್ ಸಭೆಯ ಕಟ್ಟಾ ಭಕ್ತೆ. ಯಹೂದಿ ಹುಡುಗಿಯನ್ನೂ ಪ್ರಾರ್ಥನೆಗೆ ಕರೆದೊಯ್ಯುತ್ತಾಳೆ. ಕೆಟ್ಟ ಲೇಖಕರ ಕೈಯಲ್ಲಿ ಈ ಮಾರ್ತಾ ಮಲತಾಯಿಯಾಗುತ್ತಿದ್ದಳು, ಇಲ್ಲವೇ ಕೊನೆಗೆ ಕಣ್ಣೀರು ಸುರಿಸಿ ದೇವತೆಯಾಗುತ್ತಿದ್ದಳು. ಇಲ್ಲಿ ಎರಡೂ ಆಗುವುದಿಲ್ಲ. ಅವಳು ಮಾರ್ತಾ ಆಗಿಯೇ ಇರುತ್ತಾಳೆ. ಹುಡುಗಿಗೆ ಅವಳು ಅರ್ಥವಾಗಲು ಪುಟಗಟ್ಟಲೆ ಹಿಡಿಯುತ್ತದೆ. ಆ ಕಡೆ ತಂಗಿ ಬೇಗ ಭಾಷೆ ಕಲಿತು ಆ ಮನೆಯ ಮಗುವೇ ಆಗಿಬಿಡುತ್ತಾಳೆ. ತಂಗಿ ನಗುತ್ತಿದ್ದಾಳೆ ಎಂಬ ಸಮಾಧಾನ ಒಂದು ಕಡೆ, ಅವಳು ಅಮ್ಮನನ್ನು ಮರೆಯುತ್ತಿದ್ದಾಳಲ್ಲ ಎಂಬ ಸಿಟ್ಟು ಇನ್ನೊಂದು ಕಡೆ. ಹನ್ನೆರಡು ವರ್ಷದ ಹುಡುಗಿ ಹೊರಬೇಕಾದದ್ದು ಇದನ್ನು.

ಹೀಗೆ ಮರೆಯುವುದು ಬರೀ ಕಟ್ಟುಕಥೆಯ ಮಾತಲ್ಲ. ಯುದ್ಧ ಶುರುವಾದ ಮೇಲೆ ಶತ್ರುದೇಶಗಳ ನಡುವೆ ಟಪಾಲು ನಿಂತಿತು. ರೆಡ್ ಕ್ರಾಸ್ ಮೂಲಕ 25 ಪದಗಳ ಸಂದೇಶ ಕಳಿಸಬಹುದಿತ್ತು, ಅದು ತಲುಪಲು ತಿಂಗಳುಗಳು. ಇಪ್ಪತ್ತೈದು ಪದಗಳಲ್ಲಿ ತಾಯಿ ಏನು ಬರೆಯಬೇಕು? ಚೆನ್ನಾಗಿದ್ದೇವೆ, ಚೆನ್ನಾಗಿ ಓದು, ಮುತ್ತು. ಒಂದು ದಿನ ಅದೂ ನಿಂತುಹೋಗುತ್ತಿತ್ತು. ಬಹಳ ಮಕ್ಕಳಿಗೆ ಹೆತ್ತವರು ಮತ್ತೆ ಸಿಗಲೇ ಇಲ್ಲ. ಸಿಕ್ಕ ಕೆಲವರ ಕಥೆಯೂ ನೆಟ್ಟಗಿರಲಿಲ್ಲ. ನಾಲ್ಕೈದು ವರ್ಷಕ್ಕೆ ಬಂದ ಮಕ್ಕಳು ಜರ್ಮನ್ ಪೂರ್ತಿ ಮರೆತಿದ್ದರು, ಬದುಕಿ ಬಂದ ತಾಯಿಗೆ ಇಂಗ್ಲಿಷ್ ಬಾರದು. ಹೆತ್ತವಳ ಜೊತೆ ಮಾತಾಡಲು ನಡುವೆ ಇನ್ನೊಬ್ಬರು ಬೇಕಾದರು. ಸಾಕಿದ ಮನೆ ಬಿಟ್ಟು ಬರಲೊಲ್ಲೆ ಎಂದು ಹಟ ಹಿಡಿದವರೂ ಇದ್ದರು.

ಇನ್ನೊಂದು ಸಂಗತಿಯನ್ನು ಹೆಚ್ಚಿನ ಮಕ್ಕಳ ಪುಸ್ತಕಗಳು ಮುಟ್ಟುವುದೇ ಇಲ್ಲ. 1940ರಲ್ಲಿ ಜರ್ಮನಿಯ ದಾಳಿಯ ಭಯ ಹುಟ್ಟಿದಾಗ ಬ್ರಿಟನ್ ತಾನೇ ಕರೆಸಿಕೊಂಡಿದ್ದ ಇದೇ ಹುಡುಗರಲ್ಲಿ 16 ದಾಟಿದ ಸುಮಾರು ಒಂದು ಸಾವಿರ ಮಂದಿಯನ್ನು ಶತ್ರುದೇಶದವರೆಂದು ಬಂಧನದಲ್ಲಿಟ್ಟಿತು. ಐಲ್ ಆಫ್ ಮ್ಯಾನ್ ದ್ವೀಪಕ್ಕೆ ಕೆಲವರು, ಡುನೇರಾ ಎಂಬ ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಕೆಲವರು. ಯಹೂದಿಯೆಂದು ಜರ್ಮನಿ ಅಟ್ಟಿತು, ಜರ್ಮನ್ ಎಂದು ಬ್ರಿಟನ್ ಕೂಡಿಹಾಕಿತು.

ನಿಕೋಲಸ್ ವಿಂಟನ್ ಕುರಿತ ‘ಒನ್ ಲೈಫ್’ ಸಿನಿಮಾ ನೋಡಿದೆ ಎಂದು ಬರೆದಿದ್ದೀರಿ. ಆಂಟನಿ ಹಾಪ್ಕಿನ್ಸ್ ನಟನೆಗೆ ನನ್ನದೂ ನಮಸ್ಕಾರ. ಪ್ರಾಗ್‌ನಿಂದ 669 ಮಕ್ಕಳು ವಿಂಟನ್ ಪ್ರಯತ್ನದಿಂದ ಬಂದದ್ದು ನಿಜ. 1939ರ ಸೆಪ್ಟೆಂಬರ್ 1ರಂದು 250 ಮಕ್ಕಳ ಕೊನೆಯ ರೈಲು ಹೊರಡಲಾಗಲಿಲ್ಲ ಎಂಬುದೂ ನಿಜ. ಆದರೆ ಉಳಿಸಿದವರ ಕಥೆಯೇ ಬೇರೆ, ಉಳಿದವರ ಕಥೆಯೇ ಬೇರೆ. ಮಕ್ಕಳಿಗೆ ಮೊದಲನೆಯದನ್ನಷ್ಟೇ ಹೇಳಿದರೆ ಅವರು ಚಪ್ಪಾಳೆ ತಟ್ಟಿ ಎದ್ದುಹೋಗುತ್ತಾರೆ. ಉಳಿಸಿದವರದ್ದೇ ಹೇಳಬೇಕೆನಿಸಿದರೆ ಡಚ್ ಮಹಿಳೆ ಟ್ರೂಸ್ ವೈಸ್‌ಮುಲ್ಲರ್ ಅವರದ್ದನ್ನು ಹೇಳಿ. 1938ರ ಡಿಸೆಂಬರಿನಲ್ಲಿ ವಿಯೆನ್ನಾಕ್ಕೆ ಹೋಗಿ ನಾಜಿ ಅಧಿಕಾರಿ ಐಕ್‌ಮನ್ ಎದುರು ನಿಂತು ಮಕ್ಕಳನ್ನು ಕೇಳಿದ ಗಟ್ಟಿಗಿತ್ತಿ. ಆಗಲಾರದೆಂದು ಲೆಕ್ಕಹಾಕಿಯೇ ಅವನು ಯಹೂದಿಗಳ ಸಬ್ಬತ್ ದಿನ ಶನಿವಾರಕ್ಕೆ 600 ಮಕ್ಕಳನ್ನು ಹೊರಡಿಸು ಅಂದ. ಹೊರಡಿಸಿದಳು.

ಸಣ್ಣ ಮಕ್ಕಳಿಗೆ, ಹತ್ತರ ಆಸುಪಾಸಿನವರಿಗೆ, ಜೂಡಿತ್ ಕೆರ್ ಅವರ ‘ವೆನ್ ಹಿಟ್ಲರ್ ಸ್ಟೋಲ್ ಪಿಂಕ್ ರ‍್ಯಾಬಿಟ್’ ಕೊಡಿ. ಅದರಲ್ಲಿ ಮಕ್ಕಳು ಹೆತ್ತವರಿಂದ ಬೇರೆಯಾಗುವುದಿಲ್ಲ, ಕುಟುಂಬವೇ ದೇಶ ಬಿಡುತ್ತದೆ. ಹಾಗಾಗಿ ಎದೆಗೆ ಅಷ್ಟು ಭಾರವಲ್ಲ. ಒಂದೇ ಒಂದು ಗೊಂಬೆ ಒಯ್ಯಬಹುದು ಎಂದಾಗ ಹುಡುಗಿ ಹಳೆಯ ಗುಲಾಬಿ ಮೊಲವನ್ನು ಬಿಟ್ಟು ಹೊಸ ನಾಯಿಮರಿ ಗೊಂಬೆಯನ್ನು ತೆಗೆದುಕೊಳ್ಳುತ್ತಾಳೆ. ಆಮೇಲೆ ಬಿಟ್ಟ ಮೊಲವೇ ಕಾಡುತ್ತದೆ. ಇದು ಕೆರ್ ಅವರದೇ ಬಾಲ್ಯ. ಮಗ ‘ಸೌಂಡ್ ಆಫ್ ಮ್ಯೂಸಿಕ್’ ನೋಡಿ ಬಂದು ಅಮ್ಮನ ಬಾಲ್ಯವೂ ಹೀಗೇ ಇತ್ತೆಂದು ತಿಳಿದದ್ದರಿಂದ, ಹಾಗಿರಲಿಲ್ಲ ಎಂದು ತೋರಿಸಲು 1971ರಲ್ಲಿ ಇದನ್ನು ಬರೆದರು. ಅಂದ ಹಾಗೆ ನಿಮ್ಮ ಮಕ್ಕಳು ಟಿವಿಯಲ್ಲಿ ನೋಡುವ ಪ್ಯಾಡಿಂಗ್ಟನ್ ಕರಡಿ ಇದೆಯಲ್ಲ, ಕೊರಳಲ್ಲಿ ಚೀಟಿ, ಕೈಯಲ್ಲಿ ಪೆಟ್ಟಿಗೆ, ನಿಲ್ದಾಣದಲ್ಲಿ ಒಂಟಿ. ಅದನ್ನು ಸೃಷ್ಟಿಸಿದ ಮೈಕೆಲ್ ಬಾಂಡ್ ಕಣ್ಣಲ್ಲಿ ಇದ್ದದ್ದು ಯುದ್ಧಕಾಲದಲ್ಲಿ ಹೀಗೇ ಚೀಟಿ ಕಟ್ಟಿಕೊಂಡು ಮನೆ ಬಿಟ್ಟ ಮಕ್ಕಳೇ. ತರಗತಿಯಲ್ಲಿ ಮಾತು ಶುರುಮಾಡಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಯುರೋಪಿನಾಚೆಯದು ಬೇಕೆಂದರೆ ಕ್ಯೂಬಾ ಇದೆ. 1960ರಿಂದ 62ರವರೆಗೆ ಕ್ಯಾಸ್ಟ್ರೊ ಆಡಳಿತಕ್ಕೆ ಹೆದರಿದ ಹೆತ್ತವರು 14,000ಕ್ಕೂ ಹೆಚ್ಚು ಮಕ್ಕಳನ್ನು ಒಂಟಿಯಾಗಿ ಅಮೆರಿಕಕ್ಕೆ ವಿಮಾನ ಹತ್ತಿಸಿದರು. ಆ ಬಗ್ಗೆ ಕ್ರಿಸ್ಟಿನಾ ಡಯಾಸ್ ಗೊನ್ಸಾಲೆಸ್ ಅವರ ‘ದ ರೆಡ್ ಅಂಬ್ರೆಲಾ’ ಓದಬಹುದು. ಚೆನ್ನಾಗಿ ಓಡುತ್ತದೆ, ಥೋರ್ ಅವರಷ್ಟು ಆಳಕ್ಕೆ ಇಳಿಯುವುದಿಲ್ಲ.

ಇನ್ನು ನಮ್ಮ ನೆರೆಗೆ ಬರೋಣ. ಬೆಳಗಾವಿ ದಾಟಿದರೆ ಕೊಲ್ಹಾಪುರ, ಅದರ ಪಕ್ಕ ವಳಿವಡೆ. 1943ರಿಂದ ಅಲ್ಲಿ ಸುಮಾರು 5,000 ಪೋಲಿಷ್ ಜನ, ಹೆಚ್ಚಾಗಿ ಹೆಂಗಸರು ಮಕ್ಕಳು, ತಮ್ಮದೇ ಶಾಲೆ, ಚರ್ಚು, ಆಸ್ಪತ್ರೆ ಕಟ್ಟಿಕೊಂಡು ವರ್ಷಗಟ್ಟಲೆ ಬದುಕಿದರು. ಅದಕ್ಕೂ ಮುಂಚೆ 1942ರಲ್ಲಿ ನವಾನಗರದ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿ ಜಾಮನಗರದ ಹತ್ತಿರ ಬಾಲಾಚಡಿಯಲ್ಲಿ ನೂರಾರು ಪೋಲಿಷ್ ಮಕ್ಕಳಿಗೆ ಜಾಗ ಕೊಟ್ಟರು. ವಾರ್ಸಾದಲ್ಲಿ ಅವರ ನೆನಪಿಗೆ ಒಂದು ಚೌಕವೇ ಇದೆ. ಈ ಮಕ್ಕಳನ್ನು ಅನಾಥರೆಂದು ಬರೆಯುತ್ತಾರೆ. ಎಲ್ಲರೂ ಅನಾಥರಾಗಿರಲಿಲ್ಲ. ಸ್ಟಾಲಿನ್ ಕಾಲದಲ್ಲಿ ಪೋಲೆಂಡಿನಿಂದ ಸೈಬೀರಿಯಾದ ಕಡೆ ಸಾಗಿಸಲ್ಪಟ್ಟ ತಾಯಂದಿರಲ್ಲಿ ಕೆಲವರು, ಅನಾಥಾಲಯಕ್ಕಾದರೆ ಊಟ ಸಿಗುತ್ತದೆ, ಅದು ದೇಶ ಬಿಟ್ಟು ಹೋಗುತ್ತದೆ ಎಂದು ತಿಳಿದು, ಬದುಕಿರುವಾಗಲೇ ಮಕ್ಕಳನ್ನು ಅನಾಥರ ಪಟ್ಟಿಗೆ ಸೇರಿಸಿದ್ದರು. ಆ ತಾಯಿ ಮಗುವಿಗೆ ಏನೆಂದು ಹೇಳಿಕೊಟ್ಟಿರಬಹುದು? ಯಾರಾದರೂ ಕೇಳಿದರೆ ಅಮ್ಮ ಇಲ್ಲ ಅನ್ನು ಎಂದೇ? ಮಕ್ಕಳ ಕಾದಂಬರಿಯೊಂದರ ಮೊದಲ ಅಧ್ಯಾಯ ಇಲ್ಲೇ ಇದೆ.

ಕೊನೆಗೆ ನಿಮ್ಮ ಊರಿನ ಮಾತು. ನೀವಿರುವುದು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ಬೈಲಕುಪ್ಪೆಗೆ ಬಸ್ಸಿನಲ್ಲಿ ಸ್ವಲ್ಪವೇ ದೂರ. ಕೊಡಗಿಗೆ ಹೊರಟ ಕಾರುಗಳೆಲ್ಲ ಅಲ್ಲಿ ನಿಲ್ಲುತ್ತವೆ, ಗೋಲ್ಡನ್ ಟೆಂಪಲ್ ಮುಂದೆ ಫೋಟೊ, ಒಂದು ಪ್ಲೇಟ್ ಮೋಮೊ, ಮುಗಿಯಿತು. 1960ರ ಹೊತ್ತಿಗೆ ಮೈಸೂರು ಸರ್ಕಾರ ಕೊಟ್ಟ ಸುಮಾರು 3,000 ಎಕರೆ ಕಾಡು ಕಡಿದು, ಆನೆಗಳ ಜೊತೆ ಗುದ್ದಾಡಿ ನೆಲೆ ನಿಂತ ಟಿಬೆಟನ್ ನಿರಾಶ್ರಿತರ ಮೊದಲ ತಲೆಮಾರಿನ ಕಥೆ ಅಷ್ಟಿಷ್ಟು ಬಂದಿದೆ. ನಾನು ಹೇಳುತ್ತಿರುವುದು ಆಮೇಲಿನ ಮಕ್ಕಳ ಕಥೆ. ಟಿಬೆಟ್ಟಿನಲ್ಲಿ ಉಳಿದ ತಂದೆತಾಯಿಗಳು ಎಂಟು ಹತ್ತು ವರ್ಷದ ಮಕ್ಕಳನ್ನು ದಾರಿ ತೋರಿಸುವವನೊಬ್ಬನ ಕೈಗೊಪ್ಪಿಸಿ, 5,700 ಮೀಟರ್ ಎತ್ತರದ ನಂಗ್‌ಪಾ ಲಾ ಕಣಿವೆ ದಾಟಿಸಿ ನೇಪಾಳಕ್ಕೆ, ಅಲ್ಲಿಂದ ಧರ್ಮಶಾಲಾಕ್ಕೆ ಕಳಿಸುತ್ತಿದ್ದರು. ತಮ್ಮ ಭಾಷೆಯಲ್ಲಿ ಓದಲಿ, ದಲೈ ಲಾಮಾ ಇರುವ ಕಡೆ ಬೆಳೆಯಲಿ ಎಂದು. ರಾತ್ರಿ ನಡಿಗೆ, ಹಗಲು ಅಡಗುವುದು. ಹಿಮಕ್ಕೆ ಕಾಲ್ಬೆರಳು ಕಳೆದುಕೊಂಡವರಿದ್ದಾರೆ. 2006ರ ಸೆಪ್ಟೆಂಬರ್ 30ರಂದು ಆ ಕಣಿವೆಯಲ್ಲಿ ಚೀನಾದ ಗಡಿ ಪೊಲೀಸರು ಗುಂಡು ಹಾರಿಸಿ 17 ವರ್ಷದ ಸನ್ಯಾಸಿನಿಯೊಬ್ಬಳನ್ನು ಕೊಂದದ್ದನ್ನು ಪರ್ವತಾರೋಹಿಗಳು ಚಿತ್ರೀಕರಿಸಿದ್ದರಿಂದ ಜಗತ್ತಿಗೆ ತಿಳಿಯಿತು. ಆ ಗುಂಪಿನಲ್ಲೂ ಮಕ್ಕಳಿದ್ದರು. 2008ರ ಬಳಿಕ ಕಾವಲು ಬಿಗಿಯಾಗಿ ಈ ಹಾದಿ ಹೆಚ್ಚುಕಡಿಮೆ ಮುಚ್ಚಿಹೋಯಿತು.

ಹೀಗೆ ಬಂದ ಮಕ್ಕಳನ್ನು ಬೆಳೆಸಿದ್ದು 1960ರಲ್ಲಿ 51 ಮಕ್ಕಳಿಂದ ಧರ್ಮಶಾಲಾದಲ್ಲಿ ಶುರುವಾದ ಟಿಬೆಟನ್ ಚಿಲ್ಡ್ರನ್ಸ್ ವಿಲೇಜ್. ಅದರ ಒಂದು ಶಾಲೆ ನಿಮ್ಮ ಬೈಲಕುಪ್ಪೆಯಲ್ಲೇ ಇದೆ. ಅಲ್ಲಿ ಮಕ್ಕಳನ್ನು ಮನೆ ಮನೆಯಾಗಿ ಹಂಚುತ್ತಾರೆ. ಪ್ರತಿ ಮನೆಗೊಬ್ಬ ತಾಯಿ. ಮಕ್ಕಳು ಅವಳನ್ನು ಕರೆಯುವುದು ‘ಆಮಾಲಾ’ ಎಂದು, ಅಮ್ಮ ಎಂದು. ಅಂದರೆ ನಮ್ಮ ಮಾರ್ತಾ, ನಮ್ಮ ಆಲ್ಮಾ ಇಲ್ಲೇ ಇದ್ದಾರೆ. ಕುಶಾಲನಗರದ ಸಂತೆಗೆ ಬರುತ್ತಾರೆ, ತರಕಾರಿಗೆ ಕನ್ನಡದಲ್ಲಿ ಚೌಕಾಸಿ ಮಾಡುತ್ತಾರೆ.

ಹಾಗಾಗಿ ನನ್ನ ತೀರ್ಮಾನ: ಕೊಡಿ, ಧಾರಾಳವಾಗಿ ಕೊಡಿ. ಐದನೆಯವರಿಗೆ ಕೆರ್, ಏಳನೆಯವರಿಗೆ ಥೋರ್. ಓದುವಾಗ ಜೊತೆಗೆ ಕೂತಿರಿ, ದುಃಖದ ಜಾಗ ಬಂದಾಗ ಪುಟ ಹಾರಿಸಬೇಡಿ, ‘ನೋಡಿ, ನೀವು ಎಷ್ಟು ಪುಣ್ಯವಂತರು’ ಎಂಬ ಉಪದೇಶವನ್ನಂತೂ ಖಂಡಿತ ಮಾಡಬೇಡಿ. ನೀವಿರುವ ಜಾಗದಿಂದಾಗಿ ನಿಮ್ಮ ಮೇಲೊಂದು ಕೆಲಸವನ್ನೂ ಹೊರಿಸುತ್ತಿದ್ದೇನೆ. ಎಂಬತ್ತು ತೊಂಬತ್ತರ ದಶಕದಲ್ಲಿ ಕಣಿವೆ ದಾಟಿ ಬಂದವರಿಗೆ ಈಗ ನಲವತ್ತು ಐವತ್ತರ ವಯಸ್ಸು. ಅವರಲ್ಲಿ ಕನ್ನಡ ಬಲ್ಲವರೂ ಇರುತ್ತಾರೆ. ರಜೆಯಲ್ಲಿ ಒಂದು ದಿನ ಹೋಗಿ ಪರಿಚಯ ಮಾಡಿಕೊಳ್ಳಿ. ಹೇಳಲು ಮನಸ್ಸಿದ್ದವರು ಹೇಳಲಿ, ಒತ್ತಾಯ ಬೇಡ. ನೀವು ಕಥೆ ಬರೆಯಬಲ್ಲಿರಿ, ನನಗೆ ಗೊತ್ತು. ಕಣಿವೆ ದಾಟಿ ಬಂದ ಮಕ್ಕಳ ಕಾದಂಬರಿಯನ್ನು ಕನ್ನಡದಲ್ಲಿ ನೀವೇ ಬರೆಯಿರಿ. ಮೊದಲ ಅಧ್ಯಾಯ ಎಷ್ಟೇ ಒರಟಾಗಿದ್ದರೂ ಸರಿ, ನನಗೆ ಕಳಿಸಿ.

ನಿಮ್ಮ ವಿಶ್ವಾಸಿ